ಕೂಡಿ ಕಟ್ಟುವ ನಾಟಕ

ಸ್ನೇಹ ಸಮ್ಮೇಳನ ಸಮೀಪಿಸಿದಾಗ ನಾವು ಸಾಮಾನ್ಯವಾಗಿ ಅಚ್ಚಾದ ನಾಟಕವೊಂದನ್ನು ಆರಿಸಿ ಮಾತುಗಳನ್ನು ಕಂಠಪಾಠ ಮಾಡಿಸುತ್ತೇವೆ. ಸ್ಪಷ್ಟವಾಗಿ ಓದಬಲ್ಲ ನಾಲ್ಕೈದು ಮಕ್ಕಳಿಗೆ ಪಾತ್ರ ದೊರೆಯುತ್ತದೆ. ಉಳಿದವರು ಪರದೆ ಎಳೆಯುತ್ತಾರೆ. ಸೋಲಾಪುರ, ಅಕ್ಕಲಕೋಟ ಭಾಗದಲ್ಲಿ ಮನೆಯಲ್ಲಿ ಮರಾಠಿ ಬೆರೆತ ಕನ್ನಡವನ್ನು ನಿರರ್ಗಳವಾಗಿ ಆಡುವ ಮಗು, ತನ್ನ ಮಾತು ಪುಸ್ತಕದ ಮಾತಲ್ಲವೆಂಬ ಅಳುಕಿನಿಂದ ವರ್ಗದಲ್ಲಿ ಮೌನವಾಗುತ್ತದೆ. ಮಕ್ಕಳೇ ಕೂಡಿ ನಾಟಕ ಕಟ್ಟುವ ಈ ಪಾಠವು ಆ ಮೌನವನ್ನು ಮುರಿಯಲು ನೆರವಾಗುತ್ತದೆ.

ಇದು ನಮಗೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹಾಡುಗಳು ನಿಶ್ಚಿತವಾಗಿದ್ದರೂ ನಡುವಿನ ಸಂಭಾಷಣೆಯನ್ನು ಕಲಾವಿದರು ರಂಗದ ಮೇಲೆಯೇ ಬೆಳೆಸುತ್ತಾರೆ.

ವಸ್ತು: 12ನೆಯ ಶತಮಾನದಲ್ಲಿ ಸಿದ್ಧರಾಮನು ಸೊನ್ನಲಿಗೆಯಲ್ಲಿ ತೋಡಿಸಿದ ಕೆರೆ. ಕೆರೆ ಅವನ ಹೆಸರಿನಲ್ಲಿದೆ. ಮಣ್ಣು ಹೊತ್ತವರ ಹೆಸರು ನಮಗೆ ಉಳಿದಿಲ್ಲ. ಆದರೆ ಅಲ್ಲಮಪ್ರಭು ಅಲ್ಲಿಗೆ ಬಂದು ಸಿದ್ಧರಾಮನನ್ನು ಹಗುರವಾಗಿ ಕರೆದಾಗ ಕೆಲಸಗಾರರು ಕೆರಳಿ ಕಲ್ಲೆಸೆದರೆಂಬ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಆ ಕೆಲಸಗಾರರು ಯಾರು? ಮಕ್ಕಳ ನಾಟಕ ಈ ಪ್ರಶ್ನೆಯಿಂದ ಆರಂಭವಾಗಲಿ.

ಕ್ರಮ:

1. ಸಂಗ್ರಹ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಹಳ್ಳಿಗರು ಕೆರೆ, ರಸ್ತೆಗಳ ಪರಿಹಾರ ಕಾಮಗಾರಿಗೆ ದುಡಿದರು, ಕಲ್ಲು ಒಡೆದರು. ಅದನ್ನು ಕಂಡ ಹಿರಿಯರನ್ನು ಮಕ್ಕಳು ಮಾತನಾಡಿಸಲಿ. ಅವರು ಆಡಿದ ಮಾತನ್ನು ತಿದ್ದದೆ ಬರೆದುಕೊಳ್ಳಲಿ.

2. ಚಿತ್ರ. ಐದಾರು ಮಕ್ಕಳ ಗುಂಪು ಕೇಳಿದ ಒಂದು ಸಂಗತಿಯನ್ನು ಮಾತಿಲ್ಲದ ಸ್ಥಿರಚಿತ್ರವಾಗಿ ನಿಲ್ಲಿಸಲಿ. ಅನಂತರ ಒಂದು ಚಲನೆ, ಆಮೇಲೆ ಒಂದೊಂದೇ ಮಾತು ಸೇರಲಿ.

3. ಮಾತು. ಇಲ್ಲಿ ಶಿಕ್ಷಕರು ವಾಕ್ಯಗಳನ್ನು ಹೇಳಿಕೊಡಬಾರದು. ಇದೇ ಅತ್ಯಂತ ಕಠಿಣವಾದ ಹಂತ. ‘ಮಳಿನ ಇಲ್ಲ, ಕೆರಿ ಯಾಕ ತಗೀಬೇಕು?’ ಎಂದು ಮಗುವೊಂದು ಕೇಳಿದರೆ ಅದನ್ನು ತಿದ್ದದೆ, ‘ಇವನಿಗೆ ಯಾರು ಉತ್ತರಿಸುತ್ತೀರಿ?’ ಎಂದು ಉಳಿದವರನ್ನು ಕೇಳಬೇಕು. ಆ ವಿರೋಧದಿಂದಲೇ ದೃಶ್ಯ ಹುಟ್ಟುತ್ತದೆ.

4. ಆಯ್ಕೆ. ಎಲ್ಲ ದೃಶ್ಯಗಳನ್ನೂ ಉಳಿಸಿಕೊಳ್ಳಲಾಗದು. ‘ಇದನ್ನು ಬಿಟ್ಟರೆ ಕಥೆಗೆ ಏನು ಕೊರತೆ?’ ಎಂಬ ಪ್ರಶ್ನೆಯ ಮೇಲೆ ಮಕ್ಕಳೇ ಚರ್ಚಿಸಿ ನಿರ್ಧರಿಸಲಿ. ದೃಶ್ಯ ಕೈಬಿಟ್ಟುಹೋದ ಗುಂಪಿಗೆ ಉಳಿದ ದೃಶ್ಯಗಳಲ್ಲಿ ಕೆಲಸ ಸಿಗಲೇಬೇಕು.

5. ಬರವಣಿಗೆ. ಇದು ಕೊನೆಗೆ ಬರುತ್ತದೆ. ಸೂತ್ರಧಾರನಿಗೆ ಗ್ರಾಂಥಿಕ ಕನ್ನಡ, ಕೆಲಸಗಾರರಿಗೆ ಮನೆಮಾತು ಇರಲಿ. ‘ಮಳಿ–ಮಳೆ’, ‘ಕೆರಿ–ಕೆರೆ’ ಮುಂತಾದ ಜೋಡಿಗಳನ್ನು ಫಲಕದ ಮೇಲೆ ಬರೆದು, ಯಾವುದನ್ನು ಎಲ್ಲಿ ಬಳಸಬೇಕೆಂದು ಚರ್ಚಿಸಿದರೆ ಅದೇ ಭಾಷಾಪಾಠವಾಗುತ್ತದೆ. ಎರಡರಲ್ಲಿ ಒಂದನ್ನು ತಪ್ಪೆಂದು ಅಳಿಸಬೇಕಾಗಿಲ್ಲ.

ಎಚ್ಚರಿಕೆ: ಗ್ರಂಥದಲ್ಲಿರುವುದು, ಹಿರಿಯರು ಹೇಳಿದ್ದು, ತಾವು ಕಲ್ಪಿಸಿದ್ದು ಈ ಮೂರರ ವ್ಯತ್ಯಾಸ ಮಕ್ಕಳಿಗೆ ತಿಳಿದಿರಬೇಕು. ಸೂತ್ರಧಾರನು ಅದನ್ನು ಪ್ರೇಕ್ಷಕರಿಗೂ ಹೇಳಲಿ.

ಮೌಲ್ಯಮಾಪನ: ಚಪ್ಪಾಳೆಯನ್ನು ಅಳತೆಗೋಲಾಗಿಸಬಾರದು. ಪ್ರತಿಯೊಂದು ಮಗುವಿನ ಒಂದು ಮಾತಾದರೂ, ಒಂದು ಚಲನೆಯಾದರೂ ನಾಟಕದಲ್ಲಿ ಉಳಿದಿದೆಯೇ? ಗೆಳೆಯನ ಸೂಚನೆ ಉತ್ತಮವಾದಾಗ ತನ್ನದನ್ನು ಬಿಟ್ಟುಕೊಡಲು ಮಗು ಕಲಿತಿದೆಯೇ? ವರ್ಷಾರಂಭದಲ್ಲಿ ಮೌನವಾಗಿದ್ದ ಮಗು ಈಗ ಏನು ಹೇಳಿತು? ಇವನ್ನು ದಾಖಲಿಸಿರಿ. ಸಿದ್ಧವಾದ ಪ್ರತಿಯ ಮೇಲೆ ಎಲ್ಲ ಮಕ್ಕಳ ಹೆಸರನ್ನೂ ಬರೆಯಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಿರಿ. ಕೆರೆ ತೋಡಿದವರ ಹೆಸರು ಉಳಿಯಲಿಲ್ಲ. ಈ ನಾಟಕ ಕಟ್ಟಿದವರ ಹೆಸರು ಉಳಿಯಲಿ.