ಪಟ್ಟಿ ಎತ್ತುವ ಮೊದಲೇ ನಿಧಿ ಇರಲಿ

ಸಹೋದ್ಯೋಗಿ ತೀರಿಕೊಂಡ ಮೇಲೆ ಪಟ್ಟಿ ಎತ್ತುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಾಲ್ಕು ಜನಕ್ಕೆ ಬೇಕಾದವರಾದರೆ ಹಾಳೆ ತುಂಬುತ್ತದೆ, ತಮ್ಮ ಪಾಡಿಗೆ ತಾವಿದ್ದವರ ಮನೆಗೆ ಅರ್ಧವೂ ಹೋಗುವುದಿಲ್ಲ. ನಾನು ಲೆಕ್ಕ ಬರೆಯುವ ಪತ್ತಿನ ಸಹಕಾರಿಗೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಶಾಖೆಗಳಿವೆ. ಮ್ಯಾನೇಜರ್ ಹೋದಾಗ ಕೂಡಿದ ಹಣಕ್ಕೂ ಮುಂಡರಗಿಯ ಸಿಪಾಯಿ ಹೋದಾಗ ಕೂಡಿದ್ದಕ್ಕೂ ಅಜಗಜಾಂತರ. ಶಾಲೆಗೆ ಹೋಗುವ ಮಕ್ಕಳಿದ್ದದ್ದು ಸಿಪಾಯಿಯ ಮನೆಯಲ್ಲಿ.

1904ರ ಸಹಕಾರ ಕಾಯ್ದೆಯ ಮರುವರ್ಷವೇ ಸಿದ್ದನಗೌಡ ಪಾಟೀಲರು ಇಲ್ಲೇ ಕಣಗಿನಹಾಳದಲ್ಲಿ ರೈತರ ಸಂಘ ಕಟ್ಟಿದರು. ಆ ನೆಲದಲ್ಲಿ ದುಡಿಯುವ ನಮಗೆ ಒಂದು ನಿಧಿ ಕಟ್ಟಲು ಆಗದೇ?

ಕಟ್ಟಿದೆವು. ನಲವತ್ತು ಜನ ಪಗಾರದಿಂದ ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 48,000. ಕಡಿತಕ್ಕೆ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಪಡೆದೆವು. ಬೇರೆ ಖಾತೆ, ಇಬ್ಬರ ಸಹಿ, ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ. ಮೊದಲ ನೆರವು ಎಲ್ಲರಿಗೂ ಒಂದೇ, 25,000. ಮರಣ ಪತ್ರಕ್ಕೆ ಕಾಯದೆ, ಶಾಖೆಯವರ ಮಾತಿನ ಮೇಲೆ ಅದೇ ದಿನ ಮನೆಗೆ ಮುಟ್ಟಬೇಕು. ಮಣ್ಣಿಗೆ, ಬಂದ ಬೀಗರ ಊಟಕ್ಕೆ ಕೈಗಡ ಬೀಳುವುದು ಅಂದೇ. ಆದರೆ ಇಷ್ಟು ಕೊಟ್ಟೇ ಕೊಡುತ್ತೇವೆಂದು ಕರಾರು ಬರೆಯಬಾರದು. ಅದು ವಿಮೆಯಾಗುತ್ತದೆ, ವಿಮೆಗೆ ಪರವಾನಗಿ ಬೇಕು.

ದೊಡ್ಡ ವಾದ ನಡೆದದ್ದು ಸಾಲದ ಬಗ್ಗೆ. ನಮ್ಮವರು ನಮ್ಮಲ್ಲೇ ಸಾಲ ಮಾಡಿರುತ್ತಾರೆ, ಪಕ್ಕದ ಮೇಜಿನವರೇ ಜಾಮೀನು. ನೆರವನ್ನು ಬಾಕಿಗೆ ಜಮಾ ಮಾಡಿಕೊಳ್ಳೋಣ ಎಂದವರಿದ್ದರು, ಜಾಮೀನುದಾರರ ಭಯ ಸುಳ್ಳಲ್ಲ. ಆದರೂ ನಿಧಿಯ ಹಣ ಸಾಲಕ್ಕೆ ಮುರಿದುಕೊಳ್ಳಕೂಡದು ಎಂದು ಪಟ್ಟು ಹಿಡಿದೆ. ಆ ಹಣ ಸಂಸ್ಥೆಯದಲ್ಲ, ಹೆಂಡತಿ ಮಕ್ಕಳದು.

ನಿಧಿ ನಡೆಸುವವರ ಇನ್ನೊಂದು ಕೆಲಸ ಕಾಗದಪತ್ರ. ಪಿಎಫ್ ಜೊತೆಗಿರುವ ಇಡಿಎಲ್‌ಐ ವಿಮೆಯಲ್ಲಿ, ಸತತ 12 ತಿಂಗಳು ಸೇವೆಯಿದ್ದವರು ತೀರಿಕೊಂಡರೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ ಬರುತ್ತದೆ. ಇದಕ್ಕೆ ನೌಕರರ ಪಗಾರದಿಂದ ಪೈಸೆಯೂ ಕಡಿತವಿಲ್ಲ, ಹಾಗಾಗಿಯೇ ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಗ್ರಾಚ್ಯುಟಿಗೆ ಐದು ವರ್ಷದ ಷರತ್ತು ಸಾವಿನ ಸಂದರ್ಭದಲ್ಲಿ ಇಲ್ಲ. ಪಿಎಫ್‌ನಲ್ಲಿ ಮದುವೆಗೆ ಮುಂಚೆ ಅಣ್ಣನ ಹೆಸರು ಬರೆಸಿದ್ದರೆ ಮದುವೆಯಾದ ಮೇಲೆ ಅದು ನಡೆಯುವುದಿಲ್ಲ. ಶಿರಹಟ್ಟಿ ಶಾಖೆಯಲ್ಲಿ ಎಲ್ಲರ ನಾಮಿನಿ ತೆರೆದು ನೋಡಿದಾಗ ಇಂಥವು ಸಿಕ್ಕವು, ಅಲ್ಲೇ ಕೂತು ತಿದ್ದಿಸಿದೆವು.

ಕಷ್ಟ ಪಿಗ್ಮಿ ಏಜೆಂಟರದು. ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಸಂಸ್ಥೆಗೆ ಹಣ ತರುವವರು ಅವರು. ನಮ್ಮಲ್ಲಿ ಅವರಿಗೆ ಕಮಿಷನ್ ಮಾತ್ರ, ಪಿಎಫ್ ಇಲ್ಲ. ಅವರನ್ನೂ ನಿಧಿಗೆ ಸೇರಿಸಿಕೊಂಡೆವು. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ವಿಮೆಯನ್ನೂ ಬ್ಯಾಂಕಿನಲ್ಲಿ ಮಾಡಿಸಿದೆವು, 2 ಲಕ್ಷಕ್ಕೆ. ಅದು ಜೂನ್‌ನಿಂದ ಮೇವರೆಗೆ, ಆದ್ದರಿಂದ ಮೇ ಮುಗಿಯುವಷ್ಟರಲ್ಲಿ ಖಾತೆಯಲ್ಲಿ ಹಣವಿರಬೇಕು. 50 ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಬೆಟಗೇರಿಯ ನಮ್ಮ ಹಿರಿಯ ಏಜೆಂಟರಿಗೆ ಆ ವಯಸ್ಸು ದಾಟಿದೆ, ಅವರಂಥವರಿಗಾಗಿ ನಿಧಿಗೆ ಸಂಸ್ಥೆಯ ಲಾಭದಿಂದಲೂ ಒಂದು ಪಾಲು ಕೊಡಿ ಎಂದು ಆಡಳಿತ ಮಂಡಳಿಯನ್ನು ಈಗ ಕೇಳುತ್ತಿದ್ದೇವೆ.