ಕಡಲೆಕಾಯಿ ಪರಿಷೆ ಹುಟ್ಟಿದ ಬಗೆ

ಜಾತ್ರೆ ಅಂದರೆ ನಮಗೆಲ್ಲ ಇಷ್ಟ. ತೇರು, ಬಳೆ ಅಂಗಡಿ, ಬೆಂಡು ಬತ್ತಾಸು ನೆನಪಾಗುತ್ತವೆ. ದನಗಳ ಜಾತ್ರೆಯೂ ನಮಗೆ ಗೊತ್ತು. ಒಂದು ಬೆಳೆಯ ಹೆಸರಿನಲ್ಲೇ ನಡೆಯುವ ಜಾತ್ರೆ ಗೊತ್ತೇ? ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಅಂಥದ್ದು. ಪರಿಷೆ ಅಂದರೆ ಜಾತ್ರೆ.

ಬಸವ ಮೇಯ್ದ ಕಥೆ

ಈಗ ಬಸವನಗುಡಿ ಪಟ್ಟಣದ ನಡುವೆ ಇದೆ. ಹಿಂದೆ ಆ ಸುತ್ತಿನಲ್ಲಿ ಹೊಲಗಳಿದ್ದವು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ದಾಸರಹಳ್ಳಿ ಎಂಬ ಹಳ್ಳಿಗಳಿದ್ದವು. ಅಲ್ಲಿನ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರಿ ಹೊತ್ತು ಒಂದು ಬಸವ ಬಂದು ಬೆಳೆ ಮೇಯ್ದು ಹೋಗುತ್ತಿತ್ತಂತೆ. ರೈತರು ಕಂಗಾಲಾದರು. "ಬಸವಣ್ಣ, ನಮ್ಮ ಬೆಳೆ ಉಳಿಸು. ವರ್ಷ ವರ್ಷ ಮೊದಲ ಬೆಳೆ ನಿನಗೇ ಕೊಡುತ್ತೇವೆ" ಅಂತ ಬೇಡಿಕೊಂಡರಂತೆ. ಕೆಂಪೇಗೌಡರು ಬಸವಣ್ಣನಿಗೆ ಗುಡಿ ಕಟ್ಟಿಸಿದರು ಎಂದು ಹಿರಿಯರು ಹೇಳುತ್ತಾರೆ. ಅಲ್ಲಿರುವ ದೊಡ್ಡ ಬಸವಣ್ಣನನ್ನು ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ. ಎತ್ತರ ಸುಮಾರು 15 ಅಡಿ.

ಕಾರ್ತಿಕ ಮಾಸವೇ ಏಕೆ?

ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುತ್ತದೆ. ಇದಕ್ಕೆ ಬೇಸಾಯದ ಲೆಕ್ಕವೂ ಇದೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಮೂರೂವರೆ, ನಾಲ್ಕು ತಿಂಗಳಿಗೆ ಕೀಳಲು ಬರುತ್ತದೆ. ಕಿತ್ತು, ಬಿಡಿಸಿ, ಒಣಗಿಸುವ ಹೊತ್ತಿಗೆ ಕಾರ್ತಿಕ ಬಂದಿರುತ್ತದೆ. ರೈತನಿಗೆ ಮಾರಬೇಕು. ಪೇಟೆಯವರಿಗೆ ಕೊಳ್ಳಬೇಕು. ಇಬ್ಬರೂ ಗುಡಿಯ ಮುಂದೆ ಸೇರುತ್ತಾರೆ. ಹರಕೆಯ ಜೊತೆ ವ್ಯಾಪಾರವೂ ಬೆಳೆಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಮೇಲೆ ಬಸವನಗುಡಿಯಲ್ಲಿ ಹೊಸ ಬಡಾವಣೆ ಕಟ್ಟಿದರು. ಕಾಲಕ್ರಮದಲ್ಲಿ ಹೊಲಗಳು ಬೀದಿಗಳಾದವು. ಆದರೂ ಪರಿಷೆ ನಿಲ್ಲಲಿಲ್ಲ. ಈಗ ಮಾಗಡಿ, ಕೋಲಾರ, ಚಿಂತಾಮಣಿ ಕಡೆಯಿಂದ ಕಾಯಿ ಬರುತ್ತದೆ. ಆಂಧ್ರ, ತಮಿಳುನಾಡಿನಿಂದಲೂ ಬರುತ್ತದೆ.

ಅಳತೆ ನಮ್ಮ ಕೈಯಲ್ಲಿರಲಿ

ಕಡಲೆಕಾಯಿ ಬಿಡಿಸುವವರು ಯಾರು? ಹೆಚ್ಚಾಗಿ ನಾವೇ. ಕಳೆ ಕೀಳುವವರು, ಒಣಗಿಸುವವರು ನಾವೇ. ಅಳೆದು ಮಾರುವಾಗ ಮಾತ್ರ ನಾವು ಹಿಂದೆ ನಿಲ್ಲುತ್ತೇವೆ. ಹಾಗಾಗಬಾರದು.

ಪರಿಷೆಯಲ್ಲಿ ಸೇರಿನ ಲೆಕ್ಕದಲ್ಲೂ ಕಾಯಿ ಮಾರುತ್ತಾರೆ. ನಾಲ್ಕು ಪಾವು ಸೇರಿದರೆ ಒಂದು ಸೇರು. ಆದರೆ ಸೇರು ತೂಕವಲ್ಲ, ಅಳತೆ. ತಲೆ ತುಂಬಿ ಕೊಟ್ಟರೆ ಒಂದು ಲೆಕ್ಕ, ತಲೆ ಗೀಚಿ ಕೊಟ್ಟರೆ ಇನ್ನೊಂದು ಲೆಕ್ಕ. ಹಸಿ ಕಾಯಿಯ ತೂಕ ಬೇರೆ, ಒಣ ಕಾಯಿಯ ತೂಕ ಬೇರೆ. ಸೇರಿನ ತಳ ಒಳಕ್ಕೆ ತಗ್ಗಿದ್ದರೆ ಕಾಯಿ ಕಡಿಮೆ ಹಿಡಿಯುತ್ತದೆ. ಆದ್ದರಿಂದ ತಿರುಗಿಸಿ ನೋಡೋಣ. ತಕ್ಕಡಿ, ಬಟ್ಟುಗಳ ಮೇಲೆ ಸರಕಾರದ ಮುದ್ರೆ ಇದೆಯೇ ನೋಡೋಣ. ತೂಗುವ ಮೊದಲು ಯಂತ್ರ ಸೊನ್ನೆ ತೋರಿಸಬೇಕು. ಈಗ ನಮಗೆ ಅಂಕಿ ಓದಲು ಬರುತ್ತದೆ. ಕೇಳಲು ನಾಚಿಕೆ ಯಾಕೆ?

ಹೊಸ ಪದಗಳು

ಪರಿಷೆ, ಹರಕೆ, ಬಡಾವಣೆ, ತಕ್ಕಡಿ, ಮುದ್ರೆ

ಉತ್ತರ ಬರೆಯಿರಿ

1. ಕಡಲೆಕಾಯಿ ಪರಿಷೆ ಯಾವಾಗ ನಡೆಯುತ್ತದೆ?
2. ರೈತರು ಬಸವಣ್ಣನಲ್ಲಿ ಏನೆಂದು ಬೇಡಿಕೊಂಡರು?
3. ಸೇರಿನ ತಳ ಏಕೆ ನೋಡಬೇಕು?

ಲೆಕ್ಕ ಮಾಡಿ

ಒಂದು ಸೇರಿಗೆ 60 ರೂಪಾಯಿ ಎಂದುಕೊಳ್ಳಿ. 15 ಸೇರು ಮಾರಿದರೆ ಎಷ್ಟು ಹಣ? ಅದರಲ್ಲಿ ಬಸ್ಸಿನ ಖರ್ಚು 140 ರೂಪಾಯಿ ಕಳೆದರೆ ಉಳಿಯುವುದೆಷ್ಟು?

ಮಾತಾಡೋಣ

ನಮ್ಮೂರಿನ ಸಂತೆ, ಜಾತ್ರೆ ಹೇಗೆ ಹುಟ್ಟಿತು? ಹಿರಿಯ ಅಜ್ಜಿಯರನ್ನು ಕೇಳಿ ಐದು ಸಾಲು ಬರೆಯೋಣ. ಮನೆಯಲ್ಲಿ ಬೆಳೆ ಮಾರಿದ ಹಣ ಯಾರ ಕೈಗೆ ಬರುತ್ತದೆ? ಅದನ್ನೂ ಮಾತಾಡೋಣ.