ಊಟ ಮೊದಲು, ಓಟ ಆಮೇಲೆ



ಬಾಗೂರು ಮತ್ತು ಹೊಸದುರ್ಗದ ಸುತ್ತಿನ ಬಯಲುಸೀಮೆಯಲ್ಲಿ ಹಸಿವು ಎಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಕಾಳಿಲ್ಲದೆ ಉಪವಾಸ ಬೀಳುವುದು ನಮಗೆ ಗೊತ್ತಿರುವ ಕಷ್ಟ. ಆದರೆ ಮನೆಯಲ್ಲಿ ರಾಗಿ ಇದ್ದು, ಒಲೆಯ ಮೇಲೆ ಸಾರು ಕುದಿಯುತ್ತಿದ್ದು, ಮಗಳೋ ಮಗನೋ ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಸೊರಗುತ್ತಿದ್ದರೆ ಅದು ಬೇರೊಂದು ಬಗೆಯ ಕಷ್ಟ. ಇದು ಹಟವಲ್ಲ, ಕಾಯಿಲೆ. ವೈದ್ಯರು ಇದನ್ನು ಆಹಾರ ಸೇವನೆಯ ಕಾಯಿಲೆ ಎನ್ನುತ್ತಾರೆ.

ಈ ಕಾಯಿಲೆಯಿಂದ ಗುಣವಾದ ಕೆಲವರು ಮ್ಯಾರಥಾನ್ ಎಂಬ ಬಹು ದೂರದ ಓಟವನ್ನು ಓಡಿ, ಅದೇ ಕಾಯಿಲೆಯವರಿಗೆ ನೆರವಾಗುವ ಸೇವಾಸಂಸ್ಥೆಗಳಿಗೆ ಹಣ ಕೂಡಿಸಿಕೊಡುವ ಪದ್ಧತಿ ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿದೆ. ಓಟದ ಸುದ್ದಿ ರೈತನಿಗೇಕೆ ಎಂದು ನೀವು ಕೇಳಬಹುದು. ಆ ಓಟದೊಳಗೆ ಊಟದ ಪಾಠವೊಂದಿದೆ. ಆ ಪಾಠ ನಮ್ಮ ಮನೆಗಳಿಗೂ ಬೇಕಾದದ್ದು.

ಕಾಯಿಲೆ ಎಂಥದು?

ಈ ಕಾಯಿಲೆಯಲ್ಲಿ ಹಲವು ಬಗೆಗಳುಂಟು. ಮೊದಲನೆಯದು, ದಪ್ಪವಾದೇನೆಂಬ ಭಯದಿಂದ ಊಟವನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಹೋಗುವುದು. ಮೈ ಒಣಗಿದ್ದರೂ ಇನ್ನೂ ದಪ್ಪವಿದ್ದೇನೆಂದೇ ರೋಗಿಗೆ ತೋರುತ್ತದೆ. ಇದನ್ನು ಅನೊರೆಕ್ಸಿಯಾ ಎನ್ನುವರು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸಿನ ವೈದ್ಯ ಲಾಸೇಗ್ ಇಬ್ಬರೂ ಇದನ್ನು ವಿವರಿಸಿದರು. ಎರಡನೆಯದು, ಒಮ್ಮೆಲೇ ಮಿತಿಮೀರಿ ತಿಂದು, ಬಳಿಕ ಹೆದರಿ ಅದನ್ನು ಹೊರಹಾಕುವುದು. ಇದಕ್ಕೆ ಬುಲಿಮಿಯಾ ಎಂದು ಹೆಸರು. 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ಇದನ್ನು ಬೇರೆಯಾಗಿ ಗುರುತಿಸಿದರು. ಮೂರನೆಯದು, ಹೊರಹಾಕದೆ, ತಡೆಯಲಾರದೆ ಮಿತಿಮೀರಿ ತಿನ್ನುತ್ತಲೇ ಇರುವುದು.

ಹರೆಯದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಆದರೆ ಗಂಡುಮಕ್ಕಳಿಗೂ ದೊಡ್ಡವರಿಗೂ ಬರುತ್ತದೆ. ಹುಟ್ಟಿನಿಂದ ಬಂದ ಸ್ವಭಾವ, ಮನಸ್ಸಿನ ನೋವು, ಮೈಯ ಬಗ್ಗೆ ಇತರರು ಆಡುವ ಮಾತು, ತೆಳ್ಳಗಿರುವುದೇ ಚೆಂದವೆಂಬ ಕಾಲದ ಹುಚ್ಚು ಇವೆಲ್ಲ ಕೂಡಿ ಕಾಯಿಲೆಯಾಗುತ್ತದೆ. ಇಂಥವರೊಬ್ಬರ ತಪ್ಪೆಂದು ಬೊಟ್ಟು ಮಾಡುವಂತಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲವೆಂದು ಗಾದೆಯುಂಟು. ಈ ಕಾಯಿಲೆಗೆ ಆ ಗಾದೆ ಸಾಲದು. ಇವರಿಗೆ ಊಟ ಗೊತ್ತಿಲ್ಲವೆಂದಲ್ಲ. ಊಟದ ಭಯ ಇವರನ್ನು ಹಿಡಿದಿದೆ. ಹಬ್ಬದ ಉಪವಾಸಕ್ಕೂ ಇದಕ್ಕೂ ವ್ಯತ್ಯಾಸವಿದೆ. ವ್ರತದ ಉಪವಾಸಕ್ಕೆ ಪಾರಣೆಯುಂಟು. ಮರುದಿನ ಉಂಡು ಸಂತೋಷಪಡುತ್ತಾರೆ. ಈ ಉಪವಾಸಕ್ಕೆ ಪಾರಣೆಯೇ ಇಲ್ಲ.

ಹಸಿವು ಮನಸ್ಸನ್ನೂ ಕೆಡಿಸುತ್ತದೆ

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪರೀಕ್ಷೆ ನಡೆಸಿದರು. ಯುದ್ಧದಿಂದ ಹಸಿದ ದೇಶಗಳಿಗೆ ಹೇಗೆ ಅನ್ನ ಕೊಡಬೇಕೆಂದು ತಿಳಿಯುವುದೇ ಉದ್ದೇಶ. ಆರೋಗ್ಯವಂತರಾದ 36 ಯುವಕರು ತಾವಾಗಿ ಮುಂದೆ ಬಂದು 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ಮೈ ಮಾತ್ರ ಸೊರಗಲಿಲ್ಲ. ಅವರು ಸಿಡುಕರಾದರು, ಮಂಕಾದರು, ಜನರಿಂದ ದೂರ ಸರಿದರು. ಹಗಲಿರುಳೂ ಊಟದ್ದೇ ಯೋಚನೆ. ಕೆಲವರು ಅಡಿಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು.

ಇದರಿಂದ ತಿಳಿಯುವುದೇನು? ಹೊಟ್ಟೆಗಿಲ್ಲದಿದ್ದರೆ ಗಟ್ಟಿ ಮನಸ್ಸೂ ಹದ ತಪ್ಪುತ್ತದೆ. ಆದುದರಿಂದ ಸೊರಗಿದ ಮಗುವಿಗೆ ಬುದ್ಧಿವಾದವೊಂದೇ ಸಾಲದು. ಅನ್ನ ಒಳಗೆ ಹೋದ ಮೇಲೆಯೇ ಬುದ್ಧಿವಾದ ಕೇಳುವ ಶಕ್ತಿ ಬರುತ್ತದೆ.

ಮೈಗೆ ಆಗುವ ಹಾನಿಯನ್ನು ರೈತನಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಬಿತ್ತನೆ ಬೀಜವನ್ನೇ ಕುಟ್ಟಿ ಉಂಡ ಹಾಗೆ. ಮೊದಲು ಕೊಬ್ಬು ಕರಗುತ್ತದೆ, ಆಮೇಲೆ ಮಾಂಸಖಂಡ. ನಾಡಿ ನಿಧಾನವಾಗುತ್ತದೆ, ಮೈ ತಣ್ಣಗಿರುತ್ತದೆ, ತಲೆ ಸುತ್ತುತ್ತದೆ, ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತದೆ, ಮೂಳೆ ಟೊಳ್ಳಾಗುತ್ತದೆ. ವಾಂತಿ ಹೆಚ್ಚಾದರೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಇಳಿದು ಹೃದಯದ ಬಡಿತವೇ ತಪ್ಪಬಹುದು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಹಾಗೆಂದು ಧೈರ್ಯಗೆಡಬೇಕಾಗಿಲ್ಲ. ಬೇಗ ಚಿಕಿತ್ಸೆ ಸಿಕ್ಕಿದರೆ ಬಹಳ ಮಂದಿ ಗುಣವಾಗುತ್ತಾರೆ.

ಮ್ಯಾರಥಾನ್ ಮತ್ತು ಧರ್ಮಾರ್ಥದ ಓಟ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರುಗಳ ಓಟ. ನಮ್ಮ ಕಡೆಯ ಲೆಕ್ಕದಲ್ಲಿ ಚಿತ್ರದುರ್ಗದಿಂದ ಹಿರಿಯೂರು ಮುಟ್ಟಿದಷ್ಟು ದೂರ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಈ ಓಟ ಮೊದಲಾಯಿತು. ಈಗಿರುವ ದೂರವನ್ನು ಮೊದಲು ಓಡಿದ್ದು 1908ರ ಲಂಡನ್ ಒಲಿಂಪಿಕ್ಸಿನಲ್ಲಿ.

ಲಂಡನ್ನಿನಲ್ಲಿ 1981ರಿಂದ ಜನಸಾಮಾನ್ಯರೂ ಓಡುವ ಮ್ಯಾರಥಾನ್ ನಡೆಯುತ್ತಿದೆ. ಓಡುವವರು ನೆಂಟರು, ನೆರೆಹೊರೆಯವರು, ಜೊತೆಯಲ್ಲಿ ಕೆಲಸ ಮಾಡುವವರಿಂದ ದೇಣಿಗೆ ಎತ್ತಿ, ತಾವು ಆರಿಸಿದ ಸೇವಾಸಂಸ್ಥೆಗೆ ಕೊಡುತ್ತಾರೆ. ಹೀಗೆ ಇದುವರೆಗೆ ಕೂಡಿದ ಹಣ ನೂರು ಕೋಟಿ ಪೌಂಡುಗಳನ್ನು ಮೀರಿದೆ. ಆಹಾರ ಸೇವನೆಯ ಕಾಯಿಲೆಯವರಿಗಾಗಿ ಅಲ್ಲಿ 1989ರಲ್ಲಿ ಹುಟ್ಟಿದ ಸಂಸ್ಥೆಗೆ ಈಗ ‘ಬೀಟ್’ ಎಂದು ಹೆಸರು. ರೋಗಿಗಳಿಗೂ ಮನೆಯವರಿಗೂ ಫೋನಿನಲ್ಲಿ ಸಲಹೆ ಕೊಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಅದಕ್ಕಾಗಿ ಓಡುವವರಲ್ಲಿ ಕಾಯಿಲೆಯಿಂದ ಗುಣವಾದವರೂ ಇರುತ್ತಾರೆ, ಅವರ ತಂದೆತಾಯಿಗಳೂ ಇರುತ್ತಾರೆ. ನಮ್ಮ ದೇಶದಲ್ಲಿ 2004ರಿಂದ ಮುಂಬಯಿಯ ಮ್ಯಾರಥಾನ್, 2008ರಿಂದ ಬೆಂಗಳೂರಿನ 10 ಕಿಲೋಮೀಟರ್ ಓಟ ನಡೆದುಬಂದಿವೆ. ಅಲ್ಲಿಯೂ ಸೇವಾಸಂಸ್ಥೆಗಳಿಗಾಗಿ ಓಡುವವರುಂಟು.

ಓಟದೊಳಗಿನ ಊಟದ ಪಾಠ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಕಾಯಿಲೆಯವರಲ್ಲಿ ಅನೇಕರಿಗೆ ಓಟವೇ ರೋಗದ ಒಂದು ಭಾಗವಾಗಿರುತ್ತದೆ. ತಿಂದದ್ದನ್ನು ಕರಗಿಸಬೇಕೆಂದು ಜ್ವರವಿದ್ದರೂ, ಕಾಲು ನೋಯುತ್ತಿದ್ದರೂ ಓಡುತ್ತಾರೆ. ಓಡದ ದಿನ ಉಣ್ಣುವುದಿಲ್ಲ. ಅಂಥ ಓಟ ವ್ಯಾಯಾಮವಲ್ಲ.

ಗುಣವಾದವರ ಓಟ ಇದಕ್ಕೆ ತದ್ವಿರುದ್ಧ. ನಮ್ಮ ದೇಹ ಕೂಡಿಟ್ಟುಕೊಂಡ ಸಕ್ಕರೆಯ ಶಕ್ತಿ ಸುಮಾರು 30 ಕಿಲೋಮೀಟರ್ ಆಗುವಷ್ಟರಲ್ಲಿ ಬರಿದಾಗುತ್ತದೆ. ಮುಂದೆ ಕಾಲು ಎತ್ತಲಾಗುವುದಿಲ್ಲ. ಆದುದರಿಂದ ಮ್ಯಾರಥಾನ್ ಓಡುವವರು ಹಿಂದಿನ ದಿನ ಚೆನ್ನಾಗಿ ಉಣ್ಣಬೇಕು, ಬೆಳಿಗ್ಗೆ ಉಣ್ಣಬೇಕು, ಓಡುತ್ತ ಓಡುತ್ತಲೂ ಬಾಳೆಹಣ್ಣು, ಸಕ್ಕರೆ ನೀರು ಮುಂತಾದುವನ್ನು ತೆಗೆದುಕೊಳ್ಳಬೇಕು, ಮುಗಿದ ಮೇಲೂ ಉಣ್ಣಬೇಕು. ಮೇವಿಲ್ಲದ ಎತ್ತಿನಿಂದ ಮುಂಗಾರಿನ ಉಳುಮೆ ಸಾಗದು. ಹಾಗೆಯೇ ಹಸಿದ ಮೈಯಿಂದ ಈ ಓಟ ಸಾಗದು. ಹಿಂದೆ ಉಂಡದ್ದನ್ನು ಕಳೆಯಲು ಓಡುತ್ತಿದ್ದವರು ಈಗ ಓಡುವುದಕ್ಕಾಗಿ ಉಣ್ಣುತ್ತಾರೆ. ಗುಣವಾದದ್ದರ ಗುರುತು ಇದೇ.

ಅಮೆರಿಕದ ಓಟಗಾರ್ತಿ ಮಾಲಿ ಸೈಡೆಲ್ ಅವರು 2016ರಲ್ಲಿ ಈ ಕಾಯಿಲೆಗಾಗಿ ಓಟ ಬಿಟ್ಟು ಚಿಕಿತ್ಸೆಗೆ ಸೇರಿದರು. ಮತ್ತೆ ಓಟಕ್ಕೆ ಮರಳಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಮೂರನೆಯವರಾಗಿ ಕಂಚಿನ ಪದಕ ಗೆದ್ದರು. ಚಿಕಿತ್ಸೆ ಮೊದಲು, ಪದಕ ಆಮೇಲೆ ಎಂಬುದನ್ನು ಗಮನಿಸಿರಿ.

ಗುಣವಾದವರು ದೂರದ ಓಟಕ್ಕೆ ಇಳಿಯುವ ಮುನ್ನ ಈ ನಾಲ್ಕು ಮಾತುಗಳನ್ನು ನೋಡತಕ್ಕದ್ದು:

1. ತೂಕ, ನಾಡಿ, ಮುಟ್ಟು ಎಲ್ಲವೂ ಸರಿಹೋಗಿ ಹಲವು ತಿಂಗಳಾಗಿರಬೇಕು.
2. ಚಿಕಿತ್ಸೆ ಕೊಟ್ಟ ವೈದ್ಯರು ಒಪ್ಪಿರಬೇಕು.
3. ಒಂದು ದಿನ ಓಡದೆ ಕುಳಿತರೂ ಮನಸ್ಸು ಕಳವಳಗೊಳ್ಳದೆ ಊಟ ಎಂದಿನಂತೆ ಸಾಗಬೇಕು.
4. ತೂಕ ಇಳಿಯತೊಡಗಿದರೆ “ಸಾಕು, ನಿಲ್ಲು” ಎಂದು ಹೇಳುವವರು ಮನೆಯಲ್ಲಿರಬೇಕು. ಆ ಮಾತನ್ನು ಕೇಳಬೇಕು.

ನಮ್ಮ ನಾಡಿನ ಉದಾಹರಣೆ

ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಗೆ ತರುವ ಕೆಲಸಕ್ಕೆ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯೇ ದೇಶಕ್ಕೆ ದಾರಿ ತೋರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ 1990ರ ವರೆಗೆ ಅಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಗುಣವಾದವರು ಇತರರ ಕೈಹಿಡಿಯುವುದಕ್ಕೂ ಹತ್ತಿರದ ಉದಾಹರಣೆಯಿದೆ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ಅವರು ತಮಗೆ ಖಿನ್ನತೆಯ ಕಾಯಿಲೆ ಬಂದದ್ದನ್ನು 2015ರಲ್ಲಿ ಬಹಿರಂಗವಾಗಿ ಹೇಳಿ, ಅದೇ ವರ್ಷ ‘ಲಿವ್ ಲವ್ ಲಾಫ್’ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಹಳ್ಳಿಗಳ ಮನೋರೋಗಿಗಳಿಗೆ ನೆರವಾಗುವ ಕೆಲಸವನ್ನು 2016ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಆರಂಭಿಸಿತು. ಆ ಕಾಯಿಲೆ ಬೇರೆ. ಅಲ್ಲಿ ಮ್ಯಾರಥಾನೂ ಇಲ್ಲ. ಆದರೆ ಮರೆಮಾಚದೆ ಹೇಳಿದ ಒಂದು ಮಾತು ಎಷ್ಟು ಮನೆಗಳಿಗೆ ಧೈರ್ಯ ತರಬಹುದೆಂಬುದಕ್ಕೆ ಇದು ಸಾಕ್ಷಿ.

ಮನೆಯವರು ಮಾಡತಕ್ಕದ್ದು

ಲಕ್ಷಣ ಕಂಡ ಕೂಡಲೇ ಗಾಳಿ ಸೋಕಿತೆಂದು ತಿಂಗಳುಗಳನ್ನು ಕಳೆಯಬೇಡಿರಿ. ಬಟ್ಟೆ ಸಡಿಲವಾಗುವುದು, ಎಲ್ಲರೊಡನೆ ಊಟಕ್ಕೆ ಕೂರದೆ ನೆಪ ಹೇಳುವುದು, ಊಟವಾದ ಕೂಡಲೇ ಮರೆಯಾಗುವುದು, ಮುಟ್ಟು ನಿಲ್ಲುವುದು, ಯಾವಾಗಲೂ ಚಳಿಯೆನ್ನುವುದು, ಇವು ಲಕ್ಷಣಗಳು. ಬೇರೆ ಕಾಯಿಲೆಗಳಲ್ಲಿಯೂ ಇವು ಕಾಣುವುದರಿಂದ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಅಲ್ಲಿಂದ ಹೊಸದುರ್ಗದ ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ದಾರಿ ತೋರಿಸುತ್ತಾರೆ. ಮೂರ್ಛೆ ಹೋದರೆ, ಎದೆ ಹೊಡೆದುಕೊಂಡರೆ ಒಂದು ಗಳಿಗೆಯೂ ತಡಮಾಡಬೇಡಿರಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಈ ಸೇವೆ ಆರಂಭವಾಯಿತು.

ಬಹಳ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಉಣಿಸಬಾರದು. ಬರದಲ್ಲಿ ಬಡವಾದ ದನಕ್ಕೆ ಒಮ್ಮೆಲೇ ಹಸಿಮೇವು ಹಾಕಿದರೆ ಹೊಟ್ಟೆ ಉಬ್ಬರಿಸುವುದನ್ನು ನೀವು ಬಲ್ಲಿರಿ. ಮನುಷ್ಯರಲ್ಲಿ ರಕ್ತದ ಲವಣಗಳು ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದ ಅಳತೆಯಲ್ಲಿ ಏರಿಸುತ್ತ ಹೋಗಬೇಕು. ಮಕ್ಕಳ ವಿಷಯದಲ್ಲಿ, ವೈದ್ಯರ ಮಾರ್ಗದರ್ಶನದಲ್ಲಿ ತಂದೆತಾಯಿಗಳೇ ಹೊತ್ತುಹೊತ್ತಿನ ಊಟದ ಹೊಣೆ ಹೊತ್ತು, ಪಕ್ಕದಲ್ಲಿ ಕುಳಿತು ಉಣಿಸುವ ಪದ್ಧತಿ ಒಳ್ಳೆಯ ಫಲ ಕೊಟ್ಟಿದೆ. ಬೈದು ಉಣಿಸಬಾರದು, ಬಿಟ್ಟೂ ಬಿಡಬಾರದು. ಅವರ ಎದುರಿನಲ್ಲಿ ಯಾರ ಮೈಯನ್ನೂ ದಪ್ಪ, ಸಣ್ಣ ಎಂದು ಆಡಬಾರದು.

ನಮ್ಮ ಊರಿನಲ್ಲಿಯೂ ಒಂದು ಓಟ

ರಾಗಿ ಒಕ್ಕಣೆ ಮುಗಿದ ಮೇಲೆ ಯುವಕ ಸಂಘದವರೂ ಸ್ವಸಹಾಯ ಸಂಘದ ತಾಯಂದಿರೂ ಕೂಡಿ ಇಂಥ ಓಟವೊಂದನ್ನು ಏರ್ಪಡಿಸಬಹುದು. 42 ಕಿಲೋಮೀಟರ್ ಬೇಡ. ಮೂರು ಕಿಲೋಮೀಟರ್ ಸಾಕು. ನಡೆಯುವವರಿಗೂ ಜಾಗವಿರಲಿ. ಓಡುವ ಮುನ್ನ ತಿಂಡಿ, ಓಡಿದ ಮೇಲೆ ಮುದ್ದೆ ಸಾರಿನ ಊಟ ಎಲ್ಲರಿಗೂ ಇರಲಿ. ಉಪವಾಸದಲ್ಲಿ ಯಾರನ್ನೂ ಓಡಿಸಬಾರದು. ಕೂಡಿದ ಹಣ ಚಿತ್ರದುರ್ಗಕ್ಕೋ ಬೆಂಗಳೂರಿಗೋ ಚಿಕಿತ್ಸೆಗೆ ಹೋಗುವವರ ಬಸ್ ಖರ್ಚಿಗೆ ಒದಗಲಿ. ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು, ಆದರೆ ನೆರವು ಪಡೆದವರ ಹೆಸರನ್ನು ಹೇಳತಕ್ಕದ್ದಲ್ಲ. ಗುಣವಾದವರು ಮುಂದೆ ಬಂದು ಮಾತನಾಡಿದರೆ ಸಂತೋಷ. ಮಾತನಾಡಿರೆಂದು ಯಾರನ್ನೂ ಒತ್ತಾಯಿಸಬಾರದು.

ಊರ ತೇರನ್ನು ಒಬ್ಬರೇ ಎಳೆಯಲಾರರು. ಈ ಕಾಯಿಲೆಯ ಭಾರವನ್ನೂ ಒಂದು ಮನೆಯೇ ಹೊರಲಾರದು.

ಚರ್ಚೆಗೆ ಪ್ರಶ್ನೆಗಳು

1. ವ್ರತದ ಉಪವಾಸಕ್ಕೂ ಊಟ ಬಿಡುವ ಕಾಯಿಲೆಗೂ ಇರುವ ವ್ಯತ್ಯಾಸವೇನು?
2. ಮಿನ್ನೆಸೋಟದ ಪರೀಕ್ಷೆಯಿಂದ ಮನೆಯವರು ಕಲಿಯಬೇಕಾದದ್ದೇನು?
3. ಯಾವ ಓಟ ಆರೋಗ್ಯದ ಗುರುತು, ಯಾವ ಓಟ ಕಾಯಿಲೆಯ ಗುರುತು?
4. ನಮ್ಮ ಊರಿನಿಂದ ಚಿಕಿತ್ಸೆಗೆ ಹೋಗಲು ಇರುವ ಅಡ್ಡಿಗಳಾವುವು? ಅವುಗಳಲ್ಲಿ ಯಾವುದನ್ನು ನಾವೇ ನಿವಾರಿಸಬಹುದು?